ಬರಿ ಬಾಬಿನ್ನಿಗೆ ಮೊದಲ ಸುತ್ತು

ಲಕ್ಷ್ಮೇಶ್ವರದಿಂದ ಬೆಟಗೇರಿಗೆ ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದ ಆಂಪ್ಲಿಫೈಯರನ್ನು ಸುನಿಲಕುಮಾರ ಒಳಗೆ ತರಲೇ ಇಲ್ಲ. ಹೊರಗಟ್ಟೆಯ ಮೇಲೆ ಇಟ್ಟು, ಹಾವಿನ ಬುಟ್ಟಿ ಇಳಿಸಿದವನ ಹಾಗೆ ದೂರ ಸರಿದು ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ. ಒಳಗೆ ಬೆಸುಗೆ ಹಾಕುತ್ತ ಕೂತಿದ್ದ ಮೆಹನಾಜ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಬರ್ರಿ, ಒಳಗ ಕುಂಡ್ರಿ, ಚಾ ಇಡತೀನಿ" ಅನ್ನುವುದಕ್ಕೂ ಬಿಡಲಿಲ್ಲ.

"ಚಾ ಬ್ಯಾಡ್ರಿ ಅಕ್ಕಾರ. ನಿಮ್ಮ ಡಬ್ಬಿ ನಮ್ಮ ರಂಜನಾನ್ನ ಹೊಡೀತು."

"ಹೊಡೀತಂದ್ರ?"

"ಕರೆಂಟ್ ಹೊಡೀತ್ರಿ. ಮೊನ್ನಿ ಮುಂಜಾನಿ ಹಾಡು ಹಚ್ಚಿಟ್ಟು ನಾ ಅಂಗಡಿ ಕೀಲಿ ಹುಡಕಾಕತ್ತಿದ್ದೆ. ಆಕಿ ಹಸಿ ಅರಬಿ ತಗೊಂಡು ಧೂಳ ಒರಸಾಕತ್ತಿದ್ಲು. ಒಂದು ಕೈ ಪೆಟಗಿ ಮ್ಯಾಲ, ಇನ್ನೊಂದು ಕೈ ಈ ಟ್ರಾನ್ಸ್‌ಫಾರ್ಮರಿನ ಕರೇ ಟೊಪಗಿ ಮ್ಯಾಲ. ಯಾರೋ ಒದ್ದಂಗ ಗ್ವಾಡಿಗೆ ಹೋಗಿ ಬಿದ್ಲು. ಏಳು ತಿಂಗಳ ಬಸುರಿ ಅಕ್ಕಾರ…"

"ಯಾ ಅಲ್ಲಾ" ಅಂದಳು ಮೆಹನಾಜ. ಅವಳ ಹಿಂದೆಯೇ ಎದ್ದು ಬಂದಿದ್ದ ಗಂಡ ಯೂಸುಫ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ.

"ಬದುಕ್ಯಾಳ," ಅಂದ ಸುನಿಲಕುಮಾರ. "ಅಂಗೈ ಸುಟ್ಟೈತಿ. ಕೂಸು ಮಿಸುಕಾಡಾಕತ್ತೈತಿ, ಹೆದರಬ್ಯಾಡ್ರಿ ಅಂದ್ರು ಡಾಕ್ಟರು. ನಿನ್ನಿ ದವಾಖಾನಿಯಿಂದ ಮನಿಗೆ ಕರಕೊಂಡು ಬಂದೀನಿ." ಆಮೇಲೆ ಅತ್ತ ಇತ್ತ ನೋಡಿ ದನಿ ಇಳಿಸಿದ. "ನಮ್ಮ ಅತ್ತಿ ಮುಂದ ಖರೆ ಹೇಳಿಲ್ರಿ. ತಲಿ ತಿರುಗಿ ಬಿದ್ದಾಳ ಅಂದೀವಿ ಅಷ್ಟ. ನೀವೂ ಹೇಳಬ್ಯಾಡ್ರಿ, ಆಕಿ ತಡಕೊಳ್ಳೂದಿಲ್ಲ."

ಈ ಅತ್ತೆ ಬೇರೆ ಯಾರೂ ಅಲ್ಲ, ರಂಜನಾಳ ತಾಯಿ ಚಂದ್ರವ್ವ. ದಿನಾ ಮುಂಜಾನೆ ಇದೇ ಮನೆಯ ಒಳಕೋಣೆಯಲ್ಲಿ ಕೂತು ಈ ಡಬ್ಬಿಗಳ ಟ್ರಾನ್ಸ್‌ಫಾರ್ಮರ್ ಸುತ್ತುವಾಕೆ. ಪುಣ್ಯಕ್ಕೆ ಅವತ್ತು ಅಮಾಸೆ. ಅಮಾಸೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲ. ಚಂದ್ರವ್ವ ಇಲ್ಲಿಯ ಸುತ್ತುವ ಯಂತ್ರವನ್ನೂ ಮುಟ್ಟುತ್ತಿರಲಿಲ್ಲ, ಮನೆಯಲ್ಲೇ ಇದ್ದಳು.

ಈ ಕಾಲದಲ್ಲಿ ವಾಲ್ವ್ ಆಂಪ್ಲಿಫೈಯರ್ ಯಾರು ಮಾಡುತ್ತಾರೆ ಮಾರಾಯರೇ ಅಂತ ನೀವು ಕೇಳಬಹುದು. ಕೇಳಿ, ಕೇಳಿ, ಅರ್ಧ ಬೆಟಗೇರಿಯೇ ಕೇಳಿತ್ತು, ಹಲ್ಲು ಕಿಸಿದು ನಕ್ಕೂ ಇತ್ತು. ಮೊಬೈಲಿನಲ್ಲೇ ಹಾಡು ಬರುವಾಗ, ಒಳಕಲ್ಲಿನಷ್ಟು ಭಾರದ, ಹಂಚಿನಷ್ಟು ಕಾಯುವ ಈ ಡಬ್ಬಿ ಯಾರಿಗೆ ಬೇಕು? ಬೇಕಾದವರಿಗೆ ಬೇಕು. ಪುಣೆಯಲ್ಲಿದ್ದಾರೆ, ಕೊಚ್ಚಿಯಲ್ಲಿದ್ದಾರೆ, ಈಗೀಗ ಸಮುದ್ರದಾಚೆಯೂ ಇದ್ದಾರೆ: ಹಾಡುವವರು ಉಸಿರು ಎಳೆದುಕೊಳ್ಳುವುದೂ ಕೇಳಬೇಕು ಅನ್ನುವ ಹುಚ್ಚರು. ಮೆಹನಾಜಳ ಅಪ್ಪ ಮಹಬೂಬಸಾಬ ಗದಗಿನಲ್ಲಿ ವಾಲ್ವ್ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಆ ವಿದ್ಯೆ ಮಗಳ ಕೈಗೆ ಬಂದಿತ್ತು, ಮಾತಾಡಿ ಮಾರುವ ಬಾಯಿ ಅಳಿಯ ಯೂಸುಫನಿಗೆ ಇತ್ತು. ವಾಲ್ವುಗಳು ರಶಿಯಾದಿಂದ, ಚೀನಾದಿಂದ ಮೊಟ್ಟೆಗಳ ಹಾಗೆ ಸುತ್ತಿಕೊಂಡು ಬರುತ್ತವೆ. ಮೆಹನಾಜ ಒಂದೊಂದನ್ನೂ ಕಾಯಿಸಿ, ಅಳೆದು, ಒಂದೇ ಗುಣದ ಎರಡನ್ನು ಜೋಡಿ ಮಾಡುತ್ತಾಳೆ. ಯೂಸುಫ ಅದಕ್ಕೆ ನಿಕಾಹ್ ಮಾಡಸೂದು ಅನ್ನುತ್ತಾನೆ. ಒಳಗೆ ಅಚ್ಚು ಹೊಡೆದ ಹಸಿರು ಸರ್ಕ್ಯೂಟ್ ಹಲಗೆ ಗಿಲಗೆ ಏನೂ ಇಲ್ಲ. ಪ್ರತಿಯೊಂದು ತಂತಿಯನ್ನೂ ಬೆರಳಲ್ಲೇ ಬಗ್ಗಿಸಿ ಬೆಸೆದದ್ದು. ಎಲ್ಲ ಮುಗಿದ ಮೇಲೆ ಹಗಲೂ ರಾತ್ರಿ ಉರಿಯಲು ಬಿಟ್ಟು, ಒಂದು ಚೂರು ಗೊಣಗಿದರೂ ಮತ್ತೆ ಬಿಚ್ಚುತ್ತಾರೆ.

ಆದರೆ ಡಬ್ಬಿಯ ಜೀವ ಇರುವುದು ಟ್ರಾನ್ಸ್‌ಫಾರ್ಮರಿನಲ್ಲಿ. ಕೂದಲೆಳೆಯಂಥ ತಾಮ್ರದ ತಂತಿಯನ್ನು, ನಡುವೆ ಕಬ್ಬಿಣದ ತಗಡು ತೂರಿಸುವ ರಟ್ಟಿನ ಉರುಳೆಗೆ, ಅಂದರೆ ಬಾಬಿನ್ನಿಗೆ, ಸಾಲುಸಾಲಾಗಿ ಸುತ್ತಬೇಕು. ಸಾಲಿಗೊಂದು ತೆಳು ಕಾಗದ, ಅದರ ಮೇಲೆ ದಪ್ಪ ತಂತಿ, ಮತ್ತೆ ಕಾಗದ, ಮತ್ತೆ ಸಣ್ಣ ತಂತಿ. ಎಳೆಗೆ ಎಳೆ ತಾಗಿ ಕೂರಬೇಕು, ಎಳೆಯ ಮೇಲೆ ಎಳೆ ಏರಬಾರದು. ಪೇಟೆಯಲ್ಲಿ ಸಿಗುವ ಸಿದ್ಧ ಮಾಲು ಹಾಕಿ ನೋಡಿದ್ದರು, ಹಾಡು ಮೂಗಿನಿಂದ ಬಂದಂತೆ ಬರುತ್ತಿತ್ತು. ಆಗ ಸಿಕ್ಕವಳು ಓಣಿಯ ಚಂದ್ರವ್ವ. ನೇಕಾರ ಅಂದಪ್ಪನ ಹೆಂಡತಿ, ಬುದ್ಧಿ ಬಂದಾಗಿನಿಂದ ರಾಟಿಯ ಮುಂದೆ ಕೂತು ನೂಲು ಸುತ್ತಿದ ಕೈ. ಗಂಡ ಸತ್ತು, ಮಗ್ಗ ಹೋಗಿ, ಸುಮ್ಮನೆ ಕಟ್ಟೆಯ ಮೇಲೆ ಕೂರುತ್ತಿದ್ದಳು. ಅವಳು ಸುತ್ತಿದ ಮೊದಲ ಜೋಡಿಯನ್ನು ಅಳೆದು ನೋಡಿದ ಮೆಹನಾಜ ಮೀಟರ್ ಕೆಟ್ಟಿದೆಯೇನೋ ಅಂದುಕೊಂಡಿದ್ದಳು. ಎಡಕ್ಕೂ ಬಲಕ್ಕೂ ಕೂದಲಷ್ಟೂ ಫರಕಿರಲಿಲ್ಲ.

ಮಗಳು ರಂಜನಾ ಬಸುರಿಯಾದ ಸುದ್ದಿ ಬಂದ ತಿಂಗಳೇ ಅಳಿಯ ಸುನಿಲಕುಮಾರ ಬಂದು, "ನಮ್ಮ ಅತ್ತಿ ಕೈಯಿಂದ ಸುತ್ತಿದ್ದು ನಮ್ಮನಿಗೂ ಒಂದು ಬೇಕು" ಅಂದಿದ್ದ. ಚಂದ್ರವ್ವ ಕುಣಿದಾಡಿಬಿಟ್ಟಿದ್ದಳು. ಅದನ್ನು ಸುತ್ತುವಾಗ ಯಾರನ್ನೂ ಹತ್ತಿರ ಬಿಡಲಿಲ್ಲ.

ಅದೇ ಡಬ್ಬಿ ಈಗ ಕಟ್ಟೆಯ ಮೇಲೆ ಕೂತಿತ್ತು.

ಸುನಿಲಕುಮಾರ ಹೋದ ಮೇಲೆ ಅದನ್ನು ಒಳಗೆ ತಂದು ಯೂಸುಫ ಮೀಟರ್ ಹಿಡಿದ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಟೊಪ್ಪಿಗೆಗೂ ಒಳಗಿನ ಜೋರು ಕರೆಂಟಿನ ತಂತಿಗೂ ನೇರ ಸಂಬಂಧ ತೋರಿಸಿತು. ಇರಬಾರದ ಸಂಬಂಧ ಅದು. ಇಬ್ಬರೂ ಟೊಪ್ಪಿಗೆ ತೆಗೆದು, ಕಬ್ಬಿಣದ ತಗಡುಗಳನ್ನು ಒಂದೊಂದಾಗಿ ಬಡಿದು ಬಿಚ್ಚಿ, ಬ್ಲೇಡು ಹಿಡಿದು ಸುತ್ತುಗಳನ್ನು ಕೊಯ್ಯುತ್ತ ಹೋದರು. ಕಾಗದ, ತಂತಿ, ಕಾಗದ, ತಂತಿ. ಎಲ್ಲವೂ ನೇಯ್ದ ಸೆರಗಿನಷ್ಟು ಚೆಂದ. ಕೊನೆಗೆ ಮೊಟ್ಟಮೊದಲ ಸಾಲಿನ ಕೆಳಗೆ, ರಟ್ಟಿನ ಮೂಲೆಯಲ್ಲಿ, ಬ್ಲೇಡಿಗೆ ಏನೋ ಗಟ್ಟಿಯಾಗಿ ತಾಗಿತು.

ಗಂಟು. ಹಳೆಯ ತಂತಿಯ ಒಂದು ಗೇಣು ತುಂಡು, ಅದಕ್ಕೆ ಹೊಸ ತಂತಿಯ ತುದಿಯನ್ನು ಹೊಸೆದು ಹೊಸೆದು ಮಾಡಿದ ಗಂಟು, ಅದರ ಮೇಲೆ ಇನ್ನೊಂದು, ಮತ್ತೂ ಒಂದು. ಗಂಟಿನ ಮೊನೆ ರಟ್ಟನ್ನು ಚುಚ್ಚಿ ಕಬ್ಬಿಣಕ್ಕೆ ಮುಟ್ಟಿತ್ತು. ಮುಟ್ಟಿದ ಜಾಗ ಕಪ್ಪಗೆ ಸುಟ್ಟಿತ್ತು.

"ತಂತಿ ಹರದಿರಬೇಕು, ಹೇಳದ ಗಂಟು ಹಾಕ್ಯಾಳ," ಅಂದ ಯೂಸುಫ. ಮೆಹನಾಜ ಎದ್ದು ಹೋಗಿ ಕಪಾಟಿನಿಂದ ಮುಂಡರಗಿಯ ಗಿರಾಕಿಗೆಂದು ಇಟ್ಟಿದ್ದ ಹೊಸ ಟ್ರಾನ್ಸ್‌ಫಾರ್ಮರ್ ತಂದಳು. ಕೊಯ್ದರು. ಮೊದಲ ಸಾಲಿನ ಕೆಳಗೆ ಗಂಟು. ಇನ್ನೊಂದು ತಂದರು. ಅದರಲ್ಲೂ ಗಂಟು. ಅವುಗಳಲ್ಲಿ ಒಂದೊಂದೇ ಗಂಟು, ಇನ್ನೂ ರಟ್ಟು ಚುಚ್ಚಿರಲಿಲ್ಲ. ಆದರೆ ಕಾದು ಕಾದು ಒಂದು ದಿನ ಚುಚ್ಚುವುದಕ್ಕೆ ಏನು ಅಡ್ಡಿ?

ಮೆಹನಾಜ ಮೂರನ್ನೂ ಸಾಲಾಗಿ ಇಟ್ಟು ನೋಡಿದಳು. ಹರಿದು ಕಟ್ಟಿದ ಗಂಟಲ್ಲ ಇದು. ಪ್ರತಿಯೊಂದರಲ್ಲೂ ಒಂದೇ ಜಾಗದಲ್ಲಿ, ಬೇಕೆಂದೇ, ಪ್ರೀತಿಯಿಂದ ಹಾಕಿದ ಗಂಟು. ಒಂದೊಂದು ಟ್ರಾನ್ಸ್‌ಫಾರ್ಮರಿನ ಬುಡದಲ್ಲೂ ಅದರ ಹಿಂದಿನದರ ಒಂದು ಗೇಣು ತಂತಿ. ಅಂದರೆ ಇಲ್ಲಿಂದ ಹೋದ ಎಲ್ಲದರಲ್ಲೂ!

"ಏನ್ ಹುಚ್ಚು ಮುದುಕಿ ಇದು!" ಯೂಸುಫ ಸಿಡಿದುಬಿದ್ದ. "ಕೊಂದು ಹಾಕತಿದ್ಲಲ್ಲ! ನಾಳಿಂದ ಆಕಿ ಈ ಹೊಚ್ಚಲಾ ತುಳಿಯೂದು ಬ್ಯಾಡ. ನಿನಗ ಕಾಣಲಿಲ್ಲೇನು? ದಿನಾ ಮಗ್ಗಲದಾಗ ಕುಂದರತಿದ್ದಿ!"

ಕಂಡಿತ್ತು, ಅದೇ ಸಂಕಟ. ಪ್ರತಿ ಹೊಸ ಬಾಬಿನ್ ಹಾಕುವಾಗಲೂ ಚಂದ್ರವ್ವ ಯಂತ್ರವನ್ನು ಕಣ್ಣಿಗೊತ್ತಿಕೊಂಡು, ಬಾಗಿ, ಬೆರಳಲ್ಲಿ ಏನೋ ಮಾಡುತ್ತಿದ್ದಳು, ತುಟಿ ಅಲುಗುತ್ತಿತ್ತು. ಅವರ ದೇವರ ಕೆಲಸ, ನಾವು ನೋಡಬಾರದು ಅಂತ ಮೆಹನಾಜ ಪ್ರತಿ ಸಲವೂ ಮುಖ ಆಚೆ ತಿರುಗಿಸಿ ಕೂರುತ್ತಿದ್ದಳು. ತಾನು ನಮಾಜಿಗೆ ಕೂತಾಗ ಚಂದ್ರವ್ವ ಬಾಗಿಲು ಮುಂದೆ ಮಾಡಿ ಹೊರಗೆ ಹೋಗುತ್ತಿರಲಿಲ್ಲವೇ, ಅದೇ ಮರ್ಯಾದೆ. ಹಾಳಾದ ಮರ್ಯಾದೆ!

"ನನಗ ಬೈರಿ," ಅಂದಳು ಅವಳೂ ಬಿಸಿಯಾಗಿ. "ಹಂಗಾದ್ರ ನೀವೂ ಕೇಳ್ರಿ. ಗುಂಯ್ ಅನ್ನಬಾರದು ಅಂತ ಟ್ರಾನ್ಸ್‌ಫಾರ್ಮರ್ ಬುಡಕ ರಬ್ಬರ್ ಇಟ್ಟಾವ್ರು ಯಾರು? ಕಬ್ಬಣ ಪೆಟಗಿಗೆ ತಾಗಿದ್ರ ಫ್ಯೂಸ್ ಹೋಗತಿತ್ತು, ಡಬ್ಬಿ ಸುಮ್ಮ ಆಗತಿತ್ತು. ರಂಜನಾ ಕೈಗೆ ಕರೆಂಟ್ ಬರತಿರಲಿಲ್ಲ."

ಆ ರಬ್ಬರಿನ ಜಾಣತನವನ್ನು ಯೂಸುಫ ಗಿರಾಕಿಗಳಿಗೆಲ್ಲ ಕೊಚ್ಚಿಕೊಂಡಿದ್ದ. ತಲೆಯ ಮೇಲೆ ಕೈಹೊತ್ತು ಕೂತು, "ಎಲ್ಲಾರಿಗೂ ಫೋನ್ ಮಾಡತೀನಿ. ಬಂದ್ ಮಾಡಿಸಿ ವಾಪಸ್ ತರಸೂಣು" ಅಂದ. "ಆದ್ರ ಆಕಿಗೆ ಹೇಳಾವ್ರು ಯಾರು?"

ಹೇಳಬೇಡಿ ಅಂದಿದ್ದಾನೆ ಅಳಿಯ. ಹೇಳದೆ ಬಿಟ್ಟರೆ ಚಂದ್ರವ್ವ ನಾಳೆ ಮತ್ತೆ ಗಂಟು ಹಾಕುತ್ತಾಳೆ. ಬರೀ ಗಂಟು ಹಾಕಬೇಡ ಅಂದರೆ, ಯಾಕೆ ಅಂತ ಕೇಳದೆ ಬಿಡುವ ಹೆಂಗಸಲ್ಲ. ಯಾಕೆ ಅಂತ ಹೇಳಿದರೆ, ಹೆತ್ತ ಮಗಳನ್ನು ನಿನ್ನ ಕೈಯೇ ಹೊಡೆಯಿತು ಅಂತ ಹೇಳಬೇಕು. ಯಾವ ಬಾಯಿಂದ ಹೇಳುವುದು?

ಮುಂಜಾನೆ ಚಂದ್ರವ್ವ ಬಂದಳು. ಕಂಕುಳಲ್ಲಿ ಬಟ್ಟೆ ಕಟ್ಟಿದ ಡಬ್ಬಿ.

"ಶೇಂಗಾದ ಹೋಳಿಗಿ ಮಾಡೀನವ್ವಾ. ತಲಿ ತಿರುಗೇತಂತ ನಮ್ಮ ಹುಡುಗಿಗೆ. ತಿರುಗಲಾರದ ಏನು, ಸರಿಯಾಗಿ ಉಣ್ಣೂದ ಇಲ್ಲ! ಮಧ್ಯಾಹ್ನದ ಬಸ್ಸಿಗೆ ಹೋಗಿ ನೋಡಿ ಬರತೀನಿ. ನಿನಗೂ ಎರಡು ತಗದಿಟ್ಟೀನಿ, ಬಿಸಿ ಅದಾವ, ತಿನ್ನು."

ಮೆಹನಾಜ ಹೋಳಿಗೆ ಹಿಡಿದುಕೊಂಡು ನಿಂತಳು. ಬಾಯಿಗೆ ಇಡುವುದಾಗಲಿಲ್ಲ. ಚಂದ್ರವ್ವ ಸೀರೆಯ ನೆರಿಗೆ ಸರಿಮಾಡಿಕೊಂಡು ಯಂತ್ರದ ಮುಂದೆ ಕೂತಳು. ಹೊಸ ಬಾಬಿನ್ ಸಿಕ್ಕಿಸಿದಳು. ಯಂತ್ರದ ಕಂಬಿಗೆ ಹಿಂದಿನ ತಂತಿಯ ಒಂದು ಗೇಣು ತುಂಡು ಸುತ್ತಿಕೊಂಡೇ ಇತ್ತು. ಈ ಸಲ ಮೆಹನಾಜ ಮುಖ ತಿರುಗಿಸಲಿಲ್ಲ. ಚಂದ್ರವ್ವ ಚಿಟಿಕೆ ಬೂದಿ ತೆಗೆದುಕೊಂಡು, ಹಳೆ ತುಂಡಿಗೆ ಹೊಸ ತಂತಿಯ ತುದಿ ಹಚ್ಚಿ, ಹೆಬ್ಬೆರಳಿಂದ ಒಮ್ಮೆ ಹೊಸೆದಳು. ಅಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಕೊಂಡವು.

"ದೊಡ್ಡವ್ವ, ಏನ್ ಮಾಡಿದ್ರಿ ಈಗ?"

"ಕೆಚ್ಚಿದ್ನೆವ್ವಾ," ಅಂದಳು ಚಂದ್ರವ್ವ, ಇದೆಂಥ ಪ್ರಶ್ನೆ ಅನ್ನುವ ಹಾಗೆ. "ಹಳೀ ಎಳಿಗೆ ಹೊಸಾ ಎಳಿ ಕೂಡಸೂದು. ಮಗ್ಗ ಬರಿದು ಬಿಡಬಾರದಲ್ಲ. ಒಂದು ಹಾಸು ನೂಲು ನೇಯ್ದು ಮುಗೀತಂದ್ರ ಅದರ ತುದಿ ಮಗ್ಗದಾಗ ಉಳಿಸಿ, ಅದಕ್ಕ ಹೊಸಾ ಹಾಸು ಕೆಚ್ಚತೀವಿ. ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಎಳಿ ಹರದಿರಲಿಲ್ಲ." ದನಿ ಸಣ್ಣದಾಯಿತು. "ನಮ್ಮ ಮನಿಯವರು ಹರದ್ರು. ಇನ್ನ ಯಾರು ನೇಯತಾರ ಅಂತ ಸಿಟ್ಟಿಗೆದ್ದು, ಪೂರಾ ಕೊಯ್ದು ಮಗ್ಗ ಬರಿದು ಮಾಡಿದ್ರು. ಯುಗಾದಿಗೆ ಮಗ್ಗ ಬರಿದಾತು, ಕಾರಹುಣ್ಣಿವಿ ದಾಟೂದ್ರಾಗ ಅವರು ಹೋದ್ರು. ಮತ್ತ ಬರೀ ಮಗ್ಗಕ್ಕ ಕುಂಡ್ರತೀನೇನು ನಾ? ಇನ್ನ ನನಗ ಉಳದಾಕಿ ಒಬ್ಬಾಕಿ ಮಗಳು."

"ಇದು ಮಗ್ಗ ಅಲ್ಲ ದೊಡ್ಡವ್ವ…"

"ಸುತ್ತತೈತಿ, ಎಳಿ ಐತಿ, ಮಗ್ಗ ಅಲ್ಲದ ಮತ್ತೇನು?" ಅಂತ ನಕ್ಕಳು. "ರಂಜೀದು ಸುತ್ತುವಾಗ ಮೂರು ಸಲ ಕೆಚ್ಚೀನಿ, ಗೊತ್ತೈತೇನು? ಎರಡು ಜೀವ ಅದಾಳಲ್ಲ. ಗಟ್ಟಿ ಇರಲಿ ಅಂತ."

ಗಂಟಿನ ಮೇಲೆ ಗಂಟು ಯಾಕೆ ಅಂತ ಮೆಹನಾಜಳಿಗೆ ಈಗ ತಿಳಿಯಿತು. ಬೇರೆ ಮನೆಗಳ ಡಬ್ಬಿ ತಡೆದುಕೊಂಡಿವೆ, ಮಗಳ ಮನೆಯದು ಮಾತ್ರ ಚುಚ್ಚಿದೆ. ಹೆಚ್ಚು ಪ್ರೀತಿ ಮಾಡಿದ್ದಕ್ಕೆ! ದೇವರೇ, ಇದನ್ನು ಹೇಳುವುದು ಹೇಗೆ? ಆದರೆ ಹೇಳದಿದ್ದರೆ ಈ ಮುದುಕಿ ಇನ್ನೊಬ್ಬರಿಗೂ ಹೀಗೇ ಪ್ರೀತಿ ಮಾಡುತ್ತಾಳೆ. ಹೋಳಿಗೆಯನ್ನು ಮೇಜಿನ ಮೇಲಿಟ್ಟು, ಚಂದ್ರವ್ವನ ಮುಂದೆ ನೆಲಕ್ಕೆ ಕೂತು, ಮೆಹನಾಜ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಹಸಿ ಬಟ್ಟೆ, ಕಪ್ಪು ಟೊಪ್ಪಿಗೆ, ಗೋಡೆ, ಸುಟ್ಟ ಅಂಗೈ. ರಬ್ಬರಿನ ತಪ್ಪು, ತಾನು ಮುಖ ತಿರುಗಿಸಿದ ತಪ್ಪು, ಅವನ್ನೂ ಹೇಳಿದಳು.

"ಸುಳ್ಳ," ಅಂದಳು ಚಂದ್ರವ್ವ.

ಮೆಹನಾಜ ಕೊಯ್ದ ಟ್ರಾನ್ಸ್‌ಫಾರ್ಮರ್ ತಂದು ಅವಳ ಮಡಿಲಲ್ಲಿಟ್ಟಳು. ತನ್ನ ಹೊಸೆತವನ್ನು ಚಂದ್ರವ್ವ ನೋಡಿದಳು. ನೂರು ಜನರ ಗಂಟಿನ ನಡುವೆ ಬಿಸಾಡಿದ್ದರೂ ಅದನ್ನು ಗುರುತು ಹಿಡಿಯುತ್ತಿದ್ದಳು ಅವಳು. ಕಪ್ಪಗೆ ಸುಟ್ಟ ಮೊನೆಯನ್ನು ಬೆರಳಲ್ಲಿ ಮುಟ್ಟಿದಳು. ಅಳಲಿಲ್ಲ, ಕೂಗಲಿಲ್ಲ. ತನ್ನ ಎರಡೂ ಕೈಗಳನ್ನು ಎತ್ತಿ ಹಿಡಿದು, ಯಾರದೋ ಕೈ ನೋಡುವ ಹಾಗೆ ನೋಡುತ್ತ ಕೂತಳು. ಪಕ್ಕದ ಕೋಣೆಯಿಂದ ಯೂಸುಫನ ದನಿ ಕೇಳುತ್ತಿತ್ತು: "ಬಂದ್ ಮಾಡ್ರಿ ಸಾಹೇಬರ, ಈಗಿಂದೀಗ ಬಂದ್ ಮಾಡ್ರಿ. ಯಾರೂ ಮುಟ್ಟಬ್ಯಾಡ್ರಿ. ನಾ ಬಂದು ಒಯ್ಯತೀನಿ."

"ಎಲ್ಲಾದ್ರಾಗೂ ಐತಲ್ಲ," ಅಂದಳು ಕೊನೆಗೆ ಚಂದ್ರವ್ವ.

"ಹೌದು. ಎಲ್ಲಾ ವಾಪಸ್ ಬರತಾವ. ಹೊಸಾದು ಸುತ್ತಬೇಕು. ಬರೀ ಬಾಬಿನ್ನಿಗೆ. ನಿಮ್ಮ ಕೈಲೆ ಆಗಲಿಲ್ಲಂದ್ರ ನಾ ಸುತ್ತತೀನಿ ದೊಡ್ಡವ್ವ."

"ನೀ ಸುತ್ತಿದ್ದು ನಾ ನೋಡೀನಿ. ನೂಲಿನುಂಡಿ ಆಗತೈತಿ ಅದು." ಅಂಥ ಹೊತ್ತಿನಲ್ಲೂ ಈ ಮಾತು ಬಂತು ಆ ಬಾಯಿಂದ. ಆಮೇಲೆ ಕಣ್ಣು ಮುಚ್ಚಿದಳು. "ನನ್ನಿಂದ ಆಗೂದಿಲ್ಲವ್ವಾ. ಆಕಿ ಇನ್ನೂ ಹಡದಿಲ್ಲ. ಬರೀ ಮಗ್ಗಕ್ಕ ಕುಂತು ನಾ ಒಬ್ಬರನ್ನ ಕಳಕೊಂಡೀನಿ."

ಎದ್ದಳು. ಹೋಳಿಗೆ ಡಬ್ಬಿ ಕಂಕುಳಿಗೆ ಇಟ್ಟುಕೊಂಡು ಬಾಗಿಲ ತನಕ ಹೋದಳು. ಹೋಗೇ ಬಿಟ್ಟಳು ಅಂದುಕೊಂಡಳು ಮೆಹನಾಜ. ಹೊಸ್ತಿಲ ಮೇಲೆ ನಿಂತವಳು ಬೀದಿಯ ಕಡೆ ನೋಡುತ್ತಲೇ ಕೇಳಿದಳು.

"ಆ ಮನಿಗಳೊಳಗೂ ಹೆಣ್ಮಕ್ಕಳದಾರಲ್ಲ?"

"ಅದಾರ."

"ಧೂಳ ಒರಸಾಕಿ ಎಲ್ಲಾ ಮನ್ಯಾಗೂ ಒಬ್ಬಾಕಿ ಇರತಾಳ," ಅಂದಳು ಚಂದ್ರವ್ವ ತನಗೆ ತಾನೇ.

ತಿರುಗಿ ಬಂದಳು. ಯಂತ್ರದ ಮುಂದೆ ಕೂತಳು. ಕಂಬಿಗೆ ಸುತ್ತಿದ್ದ ಹಳೆ ತುಂಡನ್ನು ಉಗುರಿನಿಂದ ಎಬ್ಬಿಸಿ, ಆಗ ತಾನೇ ಕೂಡಿಸಿದ್ದ ತಂತಿಯನ್ನು ಕತ್ತರಿಸಿ, ಎಲ್ಲ ಕಿತ್ತು ಮೆಹನಾಜಳ ಕೈಗೆ ಕೊಟ್ಟಳು. ಬಾಬಿನ್ ಬರಿದಾಯಿತು. ಅದನ್ನು ನೋಡಲಾರದೆ ಚಂದ್ರವ್ವ ಮುಖ ಹೊರಳಿಸಿದಳು, ತುಟಿ ಬೆಳ್ಳಗಾಗಿತ್ತು.

"ರಂಜೀಗೆ ಫೋನ್ ಹಚ್ಚು. ಜೋರಾಗಿ ಕೇಳೂ ಹಂಗ ಮಾಡಿ ಇಲ್ಲೆ ಇಡು. ಮೊದಲನೇ ಸಾಲು ಮುಗಿಯೂತನಕ ಆಕಿ ಮಾತಾಡಕೋತ ಇರಲಿ. ಆಕಿ ದನಿ ನಿಲ್ಲಬಾರದು."

ಮೆಹನಾಜ ನಂಬರು ಒತ್ತಿ, ಫೋನನ್ನು ಯಂತ್ರದ ಪಕ್ಕದಲ್ಲಿಟ್ಟಳು.

"ಏನಬೇ ಯವ್ವಾ, ಇಷ್ಟ ಜಲ್ದಿ ಫೋನ್?" ಅಂದಿತು ರಂಜನಾಳ ದನಿ.

"ನಿನಗ ಏನಾಗೇತಿ ಅಂತ ನನಗ ಗೊತ್ತಾತು ರಂಜೀ. ಅದರಾಗ ಗಂಟು ಹಾಕಿದಾಕಿ ನಾನ. ನನ್ನ ಕೈ ಹೊಡೀತು ನಿನ್ನ."

"ಅಯ್ಯ, ಬಿಡಬೇ! ಯಾರು ಹೇಳಿದ್ರು ನಿನಗ? ಇವರಿಗೆ ಬಾಯಿ ಮುಚ್ಚಿಕೊಂಡಿರ್ರಿ ಅಂದಿದ್ದೆ. ಆರಾಮ ಅದೀನಿ ನಾ, ಅಳಬ್ಯಾಡ."

"ಅಳೂದಿಲ್ಲ. ನೀ ಮಾತಾಡು. ಏನರ ಮಾತಾಡು. ನಿಲ್ಲಿಸಬ್ಯಾಡ."

ರಂಜನಾ ಮಾತಾಡಿದಳು. ಅತ್ತೆ ಮಾಡಿದ ಸಪ್ಪನೆಯ ಸಾರು, ಮಗ್ಗಲ ಮನೆಯವರು ದನಕ್ಕೆ ಕಟ್ಟಿದ ಹೊಸ ಗೋದಲಿ, ಒದ್ದು ಒದ್ದು ನಿದ್ದೆ ಕೆಡಿಸುವ ಹೊಟ್ಟೆಯೊಳಗಿನ ಕೂಸು. ಚಂದ್ರವ್ವ ಬರಿ ರಟ್ಟಿಗೆ ತಂತಿಯ ತುದಿ ಹಚ್ಚಿ, ಮೇಲೆ ಪಟ್ಟಿ ಅಂಟಿಸಿ, ಹಿಡಿಕೆ ತಿರುಗಿಸಿದಳು. ಮೊದಲ ಸುತ್ತು ಬಿತ್ತು. ಹಣೆಯಿಂದ ಬೆವರಿಳಿದು ಮೂಗಿನ ತುದಿಗೆ ಬಂದರೂ ಒರೆಸಿಕೊಳ್ಳಲಿಲ್ಲ. ಕಣ್ಣು ತಂತಿಯ ಮೇಲೆ, ಕಿವಿ ಫೋನಿನ ಮೇಲೆ. ಎಳೆಗೆ ಎಳೆ ತಾಗಿ ಕೂರುತ್ತ ಹೋಯಿತು. ಉಸಿರಾಡಿದರೆ ಏನಾದೀತೋ ಅನ್ನುವ ಹಾಗೆ ಮೆಹನಾಜ ಗೋಡೆಗೆ ಒರಗಿ ನಿಂತಿದ್ದಳು.

"ಏನಬೇ ಅದು, ಟಕ್ ಟಕ್ ಅನ್ನಾಕತ್ತೈತಿ? ಏನ್ ಮಾಡಾಕತ್ತಿ ನೀ?"

ಚಂದ್ರವ್ವ ಸುಳ್ಳು ಹೇಳಲಿಲ್ಲ. "ಬರೀ ಮಗ್ಗಕ್ಕ ಕುಂತೀನವ್ವ," ಅಂದಳು.

ಆ ಕಡೆಯ ಮಾತು ನಿಂತಿತು. ರಂಜನಾ ನೇಕಾರರ ಮನೆಯ ಮಗಳು, ಮಗ್ಗ ಬರಿದಾಗಿ ಅಪ್ಪ ತೀರಿದ್ದು ಅವಳಿಗೂ ನೆನಪಿತ್ತು. ಫೋನಿನಲ್ಲಿ ಏನೂ ಇಲ್ಲ; ಉಸಿರೂ ಇಲ್ಲ. ಚಂದ್ರವ್ವನ ಕೈ ಹಿಡಿಕೆಯ ಮೇಲೆ ಮರಗಟ್ಟಿತು. ಸಾಲು ಇನ್ನೂ ಅರ್ಧ ಉಳಿದಿತ್ತು.

"ರಂಜೀ!" ಚೀರಿದಳು. "ಮಾತಾಡು! ರಂಜೀ!"

"ಅದೀನಬೇ ಯವ್ವಾ," ಅಂದಿತು ದನಿ, ಒಡೆದು, ಹಸಿಯಾಗಿ. "ಅದೀನಿ. ನಾ ಎಲ್ಲೂ ಹೋಗೂದಿಲ್ಲ. ನೀ ಸುತ್ತು."